ರಷ್ಯಾದ ಗ್ಯಾಸ್ ನಿಂತರೆ ಬೇರೆ ಕಡೆಯಿಂದ ತರಿಸಬಹುದಲ್ವಾ?

ಪ್ರಶ್ನೆ: 2022ರಲ್ಲಿ ರಷ್ಯಾದಿಂದ ಬರುವ ಗ್ಯಾಸ್ ಕಡಿಮೆಯಾದಾಗ ಯುರೋಪ್ ಅಷ್ಟೊಂದು ಪರದಾಡಿದ್ದು ಯಾಕೆ? ಕಚ್ಚಾ ತೈಲದ ಹಾಗೆ ಬೇರೆ ದೇಶದಿಂದ ತರಿಸಿಕೊಳ್ಳಬಹುದಿತ್ತಲ್ವಾ? ರಷ್ಯಾ ಕೂಡ ಅದನ್ನು ಚೀನಾಕ್ಕೆ ಮಾರಬಹುದಿತ್ತಲ್ಲ?

ಉತ್ತರ: ಗ್ಯಾಸ್ (ಅಂದರೆ ನೈಸರ್ಗಿಕ ಅನಿಲ) ಸಾಗಿಸುವುದು ತೈಲ ಸಾಗಿಸಿದಷ್ಟು ಸುಲಭ ಅಲ್ಲ. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಇದರಲ್ಲೇ ಇದೆ.

ತೈಲ ತುಂಬಿದ ಹಡಗನ್ನು, ಗಿರಾಕಿ ಬದಲಾದರೆ, ಅರ್ಧ ದಾರಿಯಲ್ಲೂ ತಿರುಗಿಸಬಹುದು. ಗ್ಯಾಸ್‌ಗೆ ಒಂದೋ ಸಾವಿರಾರು ಕಿಲೋಮೀಟರ್ ಪೈಪ್ ಬೇಕು. ಇಲ್ಲದಿದ್ದರೆ ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು. ಆಗ ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹಡಗಿಗೆ ತುಂಬಬಹುದು. ಇದೇ ಎಲ್‌ಎನ್‌ಜಿ. ಆದರೆ ಇಳಿಸಿಕೊಳ್ಳುವ ಬಂದರಿನಲ್ಲಿ ಅದನ್ನು ಮತ್ತೆ ಗ್ಯಾಸ್ ಮಾಡುವ ಟರ್ಮಿನಲ್ ಇರಲೇಬೇಕು. 2022ರ ಆರಂಭದಲ್ಲಿ ಜರ್ಮನಿಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಮೊದಲನೆಯದು ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಶುರುವಾಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು.

ಮಾರುವವರ ಕೈಯನ್ನೂ ಪೈಪ್ ಕಟ್ಟಿಹಾಕುತ್ತದೆ. ಚೀನಾಕ್ಕೆ ಹೋಗುವ 'ಪವರ್ ಆಫ್ ಸೈಬೀರಿಯಾ' ಪೈಪ್ 2019ರಲ್ಲೇ ಶುರುವಾಗಿತ್ತು, ನಿಜ. ಆದರೆ ಅದಕ್ಕೆ ಗ್ಯಾಸ್ ಸಿಗುವುದು ಪೂರ್ವ ಸೈಬೀರಿಯಾದ ಬಾವಿಗಳಿಂದ. ಯುರೋಪಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಪಶ್ಚಿಮ ಸೈಬೀರಿಯಾದ ಗ್ಯಾಸ್. ಅಲ್ಲಿಂದ ಚೀನಾ ಕಡೆಯ ಪೈಪಿಗೆ ಜೋಡಣೆಯೇ ಇಲ್ಲ. ಯುರೋಪಿನ ಮಾರಾಟ ಕುಸಿದು, 2023ರಲ್ಲಿ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ 629 ಬಿಲಿಯನ್ ರೂಬಲ್ ನಷ್ಟ ತೋರಿಸಿತು.

ಯುರೋಪಿಗೆ ಮುನ್ಸೂಚನೆ ಇರಲಿಲ್ಲ ಅನ್ನುವ ಹಾಗಿಲ್ಲ. 2009ರ ಜನವರಿಯಲ್ಲಿ ರಷ್ಯಾ ಮತ್ತು ಉಕ್ರೇನ್ ಜಗಳದಿಂದ ಉಕ್ರೇನ್ ಮೂಲಕ ಬರುವ ಗ್ಯಾಸ್ ಸುಮಾರು ಎರಡು ವಾರ ನಿಂತಿತ್ತು. ಬಲ್ಗೇರಿಯಾ, ಸ್ಲೊವಾಕಿಯಾ ಕೊರೆಯುವ ಚಳಿಯಲ್ಲಿ ಒದ್ದಾಡಿದವು.

ಪಾಠ ಕಲಿತವರೂ ಇದ್ದಾರೆ. ಪುಟ್ಟ ಲಿಥುವೇನಿಯಾವನ್ನೇ ನೋಡಿ. ಅದು ತನಗೆ ಬೇಕಾದ ಗ್ಯಾಸನ್ನೆಲ್ಲ ಗಾಜ್‌ಪ್ರೋಮ್‌ನಿಂದಲೇ ಕೊಳ್ಳುತ್ತಿತ್ತು. ಬೇರೆ ದಾರಿ ಇಲ್ಲದ್ದರಿಂದ ಹೇಳಿದ ರೇಟು ಕೊಡಬೇಕಿತ್ತು. 2014ರ ಅಕ್ಟೋಬರ್‌ನಲ್ಲಿ ಕ್ಲೈಪೆಡಾ ಬಂದರಿಗೆ ಸುಮಾರು 294 ಮೀಟರ್ ಉದ್ದದ ಹಡಗೊಂದು ಬಂತು. ಹೆಸರು 'ಇಂಡಿಪೆಂಡೆನ್ಸ್'. ಅದು ತೇಲುವ ಟರ್ಮಿನಲ್: ಬೇರೆ ಹಡಗುಗಳು ತಂದ ಎಲ್‌ಎನ್‌ಜಿಯನ್ನು ತುಂಬಿಸಿಕೊಂಡು, ಬಿಸಿ ಮಾಡಿ, ಗ್ಯಾಸನ್ನು ದಡದ ಪೈಪಿಗೆ ಬಿಡುತ್ತದೆ. ಈ ಹಡಗು ಬರುವುದು ಖಾತ್ರಿಯಾದ ಮೇಲೆ, ಅದು ಬಂದು ನಿಲ್ಲುವ ಮೊದಲೇ, ಗಾಜ್‌ಪ್ರೋಮ್ ದರ ಇಳಿಸಿತು! ಟರ್ಮಿನಲ್ ಪೂರ್ತಿ ಬಳಕೆಯಾಗದ ವರ್ಷಗಳಲ್ಲಿ 'ಸುಮ್ನೆ ಖರ್ಚು' ಎಂದವರಿದ್ದರು. 2022ರ ಏಪ್ರಿಲ್‌ನಲ್ಲಿ ರಷ್ಯಾದ ಗ್ಯಾಸ್ ಬೇಡವೆಂದು ನಿಲ್ಲಿಸಲು ಆ ದೇಶಕ್ಕೆ ಧೈರ್ಯ ಬಂದದ್ದು ಈ ಹಡಗಿನಿಂದ. ಗ್ಯಾಸ್ ವಿಷಯದಲ್ಲಿ ಭದ್ರತೆಗೆ ಖರ್ಚು ಮಾಡುವುದು ಅಂದರೆ ಹೀಗೆ, ಬೇಕಾಗುವ ಮೊದಲೇ ಮಾಡಬೇಕು ಅಂತ ನನಗೆ ಅನಿಸುತ್ತದೆ.

ಪ್ರಶ್ನೆ: ಹಾಗಾದರೆ ಪೈಪ್ ಬಿಟ್ಟು ಎಲ್ಲರೂ ಎಲ್‌ಎನ್‌ಜಿಗೆ ಹೋದರೆ ಚಿಂತೆ ಇರುವುದಿಲ್ಲವೇ?

ಉತ್ತರ: ಚಿಂತೆ ಹೋಗುವುದಿಲ್ಲ, ಬೇರೆ ಕಡೆಯಿಂದ ಬರುತ್ತದೆ ಅಷ್ಟೆ. ಖತಾರ್ ದೊಡ್ಡ ಎಲ್‌ಎನ್‌ಜಿ ದೇಶ. ಅದರ ರಾಸ್ ಲಫಾನ್ ಬಂದರಿನಿಂದ ಹೊರಟ ಹಡಗಿಗೆ ಸಾಗರ ಸೇರಲು ಇರಾನ್ ಪಕ್ಕದ ಕಿರಿದಾದ ಹಾರ್ಮುಝ್ ಜಲಸಂಧಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅದು ಮುಚ್ಚಿದರೆ ಹಡಗೂ ನಿಂತಂತೆ.

ಇನ್ನೊಂದು, ಹಡಗು ಜಾಸ್ತಿ ದುಡ್ಡು ಕೊಡುವವರ ಕಡೆಗೆ ಹೋಗುತ್ತದೆ. 2022ರ ಆಗಸ್ಟ್‌ನಲ್ಲಿ ಯುರೋಪಿನ ಮಾರುಕಟ್ಟೆಯಲ್ಲಿ ಗ್ಯಾಸ್ ದರ ಮೆಗಾವ್ಯಾಟ್ ಅವರ್‌ಗೆ (ಗ್ಯಾಸಿನ ಶಕ್ತಿ ಅಳೆಯುವ ಮಾನ) 300 ಯೂರೋ ದಾಟಿತ್ತು. ಚಳಿಗಾಲಕ್ಕೆ ಮುಂಚೆ ಭೂಗತ ಸಂಗ್ರಹಾಗಾರ ತುಂಬಿಸಿಕೊಳ್ಳಲು ಯುರೋಪ್ ಎಷ್ಟಾದರೂ ಕೊಡಲು ತಯಾರಿತ್ತು. ಅದೇ ವರ್ಷ ಜುಲೈ ತಿಂಗಳ ಹಡಗುಗಳಿಗಾಗಿ ಪಾಕಿಸ್ತಾನ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಬಾಂಗ್ಲಾದೇಶ ದರ ನೋಡಿ, ದೀರ್ಘಕಾಲದ ಒಪ್ಪಂದವಿಲ್ಲದೆ ಆಗಿನ ಮಾರುಕಟ್ಟೆ ದರಕ್ಕೆ ಕೊಳ್ಳುವುದನ್ನೇ ನಿಲ್ಲಿಸಿತು. ಎರಡೂ ಕಡೆ ಜನ ಬಿಸಿಲಲ್ಲಿ, ಗಂಟೆಗಟ್ಟಲೆ ಕರೆಂಟ್ ಇಲ್ಲದೆ ಕೂತರು. ಯುರೋಪ್ ಆ ಚಳಿಗಾಲ ದಾಟಿದ್ದನ್ನು ಹೊಗಳುವವರು ಈ ಲೆಕ್ಕವನ್ನೂ ಹೇಳಬೇಕು.