ಉಂಡ ಮನೆಗೆ ಎರಡು ಬಗೆದರೇ?

ಶಿವಮೊಗ್ಗದ ಓದುಗರೊಬ್ಬರು ಕಳೆದ ಸಂಚಿಕೆಯ ರಷ್ಯಾ ಲೇಖನ ಓದಿ ಹೀಗೆ ಬರೆದಿದ್ದಾರೆ: "ರಷ್ಯಾದ ದೊರೆ (ಜಾರ್) ಎರಡನೇ ಅಲೆಕ್ಸಾಂಡರ್ 1861ರಲ್ಲಿ ಜೀತದ ರೈತರನ್ನು ಬಿಡುಗಡೆ ಮಾಡಿದ. ಆದರೂ ಅವರು ದಂಗೆ ಎದ್ದರು. ಕೊನೆಗೆ ಅವನನ್ನೇ ಬಾಂಬ್ ಎಸೆದು ಕೊಂದರು. ಇದು ಉಂಡ ಮನೆಗೆ ಎರಡು ಬಗೆದಂತೆ ಅಲ್ವಾ? ಅಷ್ಟೆಲ್ಲಾ ಗಲಭೆ ಮಾಡಿ ಅವರಿಗೆ ಸಿಕ್ಕಿದ್ದಾದರೂ ಏನು?"

ಪ್ರಿಯ ಓದುಗರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಗಾದೆಯಿಂದಲೇ ಶುರು ಮಾಡುತ್ತೇನೆ. ಆ ಮನೆಯಲ್ಲಿ ಉಂಡವರು ಯಾರು? ಉತ್ತು, ಬಿತ್ತಿ, ಕೊಯ್ದವರು ರೈತರು. ಉಂಡವರು ಜಮೀನ್ದಾರರು. "ನಾವು ನಿಮ್ಮವರು, ಆದರೆ ಭೂಮಿ ನಮ್ಮದು" ಎಂದು ಆ ರೈತರು ಒಡೆಯರಿಗೆ ಹೇಳುತ್ತಿದ್ದರು.

1861ರಲ್ಲಿ 2 ಕೋಟಿಗೂ ಹೆಚ್ಚು ಜನರ ಜೀತ ಹೋಯಿತು. ಇನ್ನು ಒಡೆಯ ಅವರನ್ನು ಮಾರುವ ಹಾಗಿಲ್ಲ, ಮದುವೆಗೆ ಅವನ ಅಪ್ಪಣೆ ಬೇಡ. ಇದು ದೊಡ್ಡ ವಿಷಯ, ನಾನೂ ಒಪ್ಪುತ್ತೇನೆ. ಆದರೆ ತಲೆತಲಾಂತರದಿಂದ ಉಳುತ್ತಿದ್ದ ಹೊಲವನ್ನು ಅವರು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ಬೆಲೆಯ ಐದರಲ್ಲಿ ನಾಲ್ಕು ಪಾಲಿನವರೆಗೆ ಸರ್ಕಾರ ಜಮೀನ್ದಾರನಿಗೆ ಕೊಟ್ಟು, ಅದನ್ನು ರೈತನ ಹೆಸರಿಗೆ ಸಾಲವಾಗಿ ಬರೆಯಿತು. ವರ್ಷಕ್ಕೆ ಶೇಕಡಾ 6ರಂತೆ 49 ವರ್ಷ ಕಂತು. ನೀವೇ ಲೆಕ್ಕ ಹಾಕಿ. 100 ರೂಬಲ್ ಸಾಲಕ್ಕೆ ಕಟ್ಟಬೇಕಾದದ್ದು 294 ರೂಬಲ್. ಒಬ್ಬ ಕಟ್ಟದಿದ್ದರೆ ಅವನ ಪಾಲು ಇಡೀ ಊರಿನ ತಲೆ ಮೇಲೆ. ಎಷ್ಟೋ ಕಡೆ ಹುಲ್ಲುಗಾವಲು, ಕಾಡು, ದನ ನೀರು ಕುಡಿಯುವ ಜಾಗವನ್ನೆಲ್ಲ ಜಮೀನ್ದಾರ ತನಗೆ ಕತ್ತರಿಸಿಕೊಂಡ. ಸಾಲದ್ದಕ್ಕೆ, ಹಳೆಯ ಬಿಟ್ಟಿ ಚಾಕರಿ ಇನ್ನೂ 2 ವರ್ಷ ಹಾಗೇ ನಡೆಯಬೇಕಿತ್ತು.

ಇದನ್ನು ಕೇಳಿದ ಜನ ನಂಬಲೇ ಇಲ್ಲ. ಜಾರ್ ಕೊಟ್ಟ ನಿಜವಾದ ಬಿಡುಗಡೆ ಬೇರೆ ಇದೆ, ಅದನ್ನು ಅಧಿಕಾರಿಗಳು ಮುಚ್ಚಿಟ್ಟಿದ್ದಾರೆ ಎಂದುಕೊಂಡರು. ಕಜಾನ್ ಪ್ರಾಂತ್ಯದ ಬೆಜ್ದ್ನಾ ಎಂಬ ಹಳ್ಳಿಯಲ್ಲಿ ಆಂಟನ್ ಪೆಟ್ರೋವ್ ಎಂಬ ರೈತನಿಗೆ ಅಷ್ಟಿಷ್ಟು ಓದು ಬರುತ್ತಿತ್ತು. ಆ ದಪ್ಪ ಕಾನೂನು ಪುಸ್ತಕ ಹಿಡಿದು ಗುಡಿಸಲಿನಲ್ಲಿ ಕೂತ. ಅದರಲ್ಲಿ ಕಂಡ ಶೇಕಡಾ ಗುರುತನ್ನೇ ಬಿಡುಗಡೆಯ ಮುದ್ರೆ ಎಂದು ತಿಳಿದ. ಇನ್ನು ಚಾಕರಿ ಬೇಡ, ಭೂಮಿ ನಮ್ಮದೇ ಎಂದು ಸಾರಿದ. ಸುತ್ತಮುತ್ತಲ ಊರುಗಳಿಂದ ಸಾವಿರಾರು ಜನ ಬಂದು ಅವನ ಮನೆಯನ್ನು ಸುತ್ತುವರಿದು ಕಾವಲು ನಿಂತರು. ಏಪ್ರಿಲ್‌ನಲ್ಲಿ ಸೈನ್ಯ ಬಂತು. ಅವನನ್ನು ಒಪ್ಪಿಸಿ ಎಂದರೆ ಜನ ಕದಲಲಿಲ್ಲ. ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಸೈನಿಕರು ಮತ್ತೆ ಮತ್ತೆ ಗುಂಡು ಹಾರಿಸಿದರು, 50ಕ್ಕೂ ಹೆಚ್ಚು ಜನ ಸತ್ತರು. ಆಗ ಪೆಟ್ರೋವ್ ಆ ಪುಸ್ತಕವನ್ನು ತಲೆ ಮೇಲೆ ಹೊತ್ತು ಹೊರಗೆ ಬಂದ. ಒಂದು ವಾರದಲ್ಲಿ ಅವನನ್ನೂ ಗುಂಡಿಟ್ಟು ಕೊಂದರು. ಸತ್ತವರಿಗಾಗಿ ಕಜಾನ್‌ನ ವಿದ್ಯಾರ್ಥಿಗಳು ಪ್ರಾರ್ಥನೆ ಇಟ್ಟರು. ಅಲ್ಲಿ ಮಾತಾಡಿದ ಇತಿಹಾಸದ ಮೇಷ್ಟ್ರು ಶಾಪೊವ್ ಅವರನ್ನು ಬಂಧಿಸಲಾಯಿತು.

ಈ ಜನರನ್ನು ಉಪಕಾರ ಮರೆತವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ಸಾಯುವಾಗಲೂ ಜಾರ್‌ನನ್ನು ನಂಬಿದ್ದರು.

ಬಾಂಬ್ ವಿಷಯಕ್ಕೆ ಬರೋಣ. 1881ರ ಮಾರ್ಚ್ 1ರಂದು ಬಾಂಬ್ ಎಸೆದದ್ದು 'ನರೋದ್ನಾಯ ವೋಲ್ಯ' (ಜನರ ಇಚ್ಛೆ) ಎಂಬ ಕ್ರಾಂತಿಕಾರಿಗಳ ಚಿಕ್ಕ ಗುಂಪು. ಹಳ್ಳಿಯವರಿಗೂ ಅದಕ್ಕೂ ಸಂಬಂಧ ಕಡಿಮೆ. 1874ರಲ್ಲಿ ವಿದ್ಯಾರ್ಥಿಗಳು ಕ್ರಾಂತಿಯ ಮಾತು ಹೇಳಲು ರೈತರ ವೇಷ ಹಾಕಿ ಹಳ್ಳಿಗೆ ಹೋದಾಗ, ಕೆಲವು ಕಡೆ ರೈತರೇ ಅವರನ್ನು ಪೊಲೀಸರಿಗೆ ಹಿಡಿದುಕೊಟ್ಟಿದ್ದರು. ನನಗೆ ಸಂಕಟವಾಗುವುದು ಇನ್ನೊಂದಕ್ಕೆ. ಚುನಾಯಿತರನ್ನೂ ಕೂರಿಸಿಕೊಂಡು ಕಾನೂನು ಚರ್ಚಿಸುವ, ಗೃಹ ಮಂತ್ರಿ ಲೋರಿಸ್-ಮೆಲಿಕೊವ್ ಯೋಜನೆಗೆ ಜಾರ್ ಅದೇ ಬೆಳಿಗ್ಗೆ ಒಪ್ಪಿಗೆ ಕೊಟ್ಟಿದ್ದ. ಮಗ ಮೂರನೇ ಅಲೆಕ್ಸಾಂಡರ್ ಅದನ್ನು ಕೈಬಿಟ್ಟ. ಬದಲಿಗೆ ಆಗಸ್ಟ್‌ನಲ್ಲಿ ತುರ್ತು ಕಾನೂನು ತಂದ. 3 ವರ್ಷಕ್ಕೆಂದು ಬಂದದ್ದು 1917ರವರೆಗೂ ಉಳಿಯಿತು. ವಿಚಾರಣೆ ಇಲ್ಲದೆ ಗಡೀಪಾರು, ಪತ್ರಿಕೆಗೆ ಬೀಗ, ಎಲ್ಲಕ್ಕೂ ಅದೇ ಆಧಾರ. ಪತ್ರಿಕೆ ನಡೆಸುವ ನಾನು ಇದನ್ನು ಸುಮ್ನೆ ಓದಿ ಮುಂದೆ ಹೋಗಲಾರೆ. ರೈತನಿಗಂತೂ ಹಳ್ಳಿ ನ್ಯಾಯಾಲಯ 1904ರವರೆಗೂ ಛಡಿಯೇಟಿನ ಶಿಕ್ಷೆ ಕೊಡಬಹುದಿತ್ತು.

ಗಲಭೆಯಿಂದ ಏನು ಸಿಕ್ಕಿತು ಎಂದಿರಿ. 1905ರಲ್ಲಿ ರೈತರು ಜಮೀನ್ದಾರರ ಮನೆಗಳಿಗೆ ಬೆಂಕಿ ಇಟ್ಟರು. ಅಲ್ಲಿ ನಡೆದ ಎಲ್ಲವನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಅದೇ ನವೆಂಬರ್‌ನಲ್ಲಿ ಜಾರ್ ಎರಡನೇ ನಿಕೊಲಸ್ ಆಜ್ಞೆ ಹೊರಡಿಸಿದ: ಮುಂದಿನ ವರ್ಷ ಭೂಮಿ ಸಾಲದ ಕಂತು ಅರ್ಧ, 1907ರ ಜನವರಿ 1ರಿಂದ ಪೂರ್ತಿ ರದ್ದು.