ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿತ್ರ ಇರುವುದೆಲ್ಲಿ, ಕಾಣುವುದೆಲ್ಲಿ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯವನ್ನು ಕುರಿತಾಗಿದ್ದವು. ತೆಗೆದ ಚಿತ್ರವನ್ನು ಅಂತರಜಾಲದಲ್ಲಿ ಎಲ್ಲಿ ಇರಿಸಬೇಕು, ಬೇರೆಯವರಿಗೆ ಹೇಗೆ ತೋರಿಸಬೇಕು ಎಂಬುದೇ ಆ ವಿಷಯ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ, ಈ ಸಲ ಇವಕ್ಕಷ್ಟೇ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ನಮ್ಮ ತಾಲ್ಲೂಕಿನ ವೀರಗಲ್ಲು, ಮಾಸ್ತಿಗಲ್ಲುಗಳ ಚಿತ್ರಗಳನ್ನು ಗೂಗಲ್ ಡ್ರೈವ್‌ನಲ್ಲಿ ಇರಿಸಿದ್ದೇನೆ. ಲಿಂಕ್ ಕಳುಹಿಸಿದರೆ ಕೆಲವರಿಗೆ ಅನುಮತಿ ಬೇಕೆಂದು ಬರುತ್ತದೆ. ಬರಹದ ನಡುವೆ ಹಾಕಿದರೆ ಚಿತ್ರ ಕಾಣುವುದಿಲ್ಲ, ನೀಲಿ ಅಕ್ಷರಗಳ ಸಾಲಷ್ಟೇ ಕಾಣುತ್ತದೆ. ತಪ್ಪು ಎಲ್ಲಿದೆ?
— ಸಾಗರದ ಓದುಗರೊಬ್ಬರು

ಉತ್ತರ: ತಮ್ಮ ಪತ್ರದಲ್ಲಿ ಎರಡು ಬೇರೆಬೇರೆ ತೊಡಕುಗಳಿವೆ. ಮೊದಲನೆಯದು ಅನುಮತಿಯದು. ಡ್ರೈವ್‌ಗೆ ಏರಿಸಿದ ಫೈಲು ಏರಿಸಿದವರಿಗೆ ಮಾತ್ರ ಕಾಣುವಂತೆ ಇರುವುದೇ ಅಲ್ಲಿನ ಮೂಲ ವ್ಯವಸ್ಥೆ. ‘ಶೇರ್’ ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ‘ರಿಸ್ಟ್ರಿಕ್ಟೆಡ್’ ಎಂದಿರುವುದನ್ನು ‘ಎನಿವನ್ ವಿತ್ ದ ಲಿಂಕ್’ ಎಂದು ಬದಲಾಯಿಸಿ, ಪಕ್ಕದಲ್ಲಿ ‘ವ್ಯೂವರ್’ ಎಂದೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಅಲ್ಲಿ ‘ಎಡಿಟರ್’ ಎಂದಿದ್ದರೆ ಲಿಂಕ್ ಸಿಕ್ಕಿದವರೆಲ್ಲರೂ ತಮ್ಮ ಫೈಲಿನ ಮೇಲೆ ಕೈಯಾಡಿಸಬಹುದು. ಈ ದೋಷ ತಮ್ಮ ಕಣ್ಣಿಗೆ ಬೀಳದಿರಲು ಕಾರಣ, ತಮ್ಮ ಕಂಪ್ಯೂಟರಿನಲ್ಲಿ ತಮ್ಮ ಖಾತೆ ಸದಾ ತೆರೆದೇ ಇರುತ್ತದೆ ಎಂಬುದು. ಬ್ರೌಸರಿನ ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ಅದೇ ಲಿಂಕನ್ನು ತೆರೆದರೆ ಹೊರಗಿನವರಿಗೆ ಏನು ಕಾಣುತ್ತದೋ ಅದೇ ತಮಗೂ ಕಾಣುತ್ತದೆ. ಲಿಂಕ್ ಕಳುಹಿಸುವ ಮುನ್ನ ಪ್ರತಿಸಲ ಹೀಗೆ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯ ತೊಡಕು ವಿಳಾಸದ್ದು. ಡ್ರೈವ್ ಕೊಡುವ ಲಿಂಕು ಚಿತ್ರದ ವಿಳಾಸವಲ್ಲ, ಚಿತ್ರವನ್ನು ತೋರಿಸುವ ಪುಟದ ವಿಳಾಸ. ಆ ಪುಟದಲ್ಲಿ ಚಿತ್ರದೊಡನೆ ಗುಂಡಿಗಳು, ಹೆಸರಿನ ಪಟ್ಟಿ, ಹಿನ್ನೆಲೆ ಎಲ್ಲವೂ ಸೇರಿರುತ್ತವೆ. ಬರಹದ ನಡುವೆ ಚಿತ್ರ ಮೂಡಬೇಕಾದರೆ ಬ್ರೌಸರಿಗೆ ಬೇಕಾದದ್ದು ಚಿತ್ರದ ಫೈಲಿನದೇ ನೇರ ವಿಳಾಸ. ಅದು ಬಹುಮಟ್ಟಿಗೆ ಜೆಪಿಜಿ ಅಥವಾ ಪಿಎನ್‌ಜಿ ಎಂಬ ಅಕ್ಷರಗಳಲ್ಲಿ ಕೊನೆಗೊಳ್ಳುತ್ತದೆ. ಪರೀಕ್ಷಿಸುವುದು ಸುಲಭ: ವಿಳಾಸವನ್ನು ಖಾಲಿ ಕಿಟಕಿಯಲ್ಲಿ ಹಾಕಿದಾಗ ಬೇರೇನೂ ಇಲ್ಲದೆ ಚಿತ್ರವೊಂದೇ ಬಂದು ನಿಂತರೆ ಅದು ನೇರ ವಿಳಾಸ. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಪಿ ಇಮೇಜ್ ಅಡ್ರೆಸ್’ ಆರಿಸಿದರೆ ಸಿಗುವುದೂ ಇದೇ. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಹೀಗೆ ತೆಗೆದ ವಿಳಾಸಕ್ಕೆ ಅವಧಿ ಇರುತ್ತದೆ; ಇಂದು ಕಂಡ ಚಿತ್ರ ಕೆಲವು ದಿನಗಳಲ್ಲಿ ಕಾಣದಾಗುತ್ತದೆ. ಗುಂಪು ಹರಟೆಯ ತಾಣವಾದ ಡಿಸ್ಕಾರ್ಡ್ ಕೂಡ ಹೊರಗಡೆ ಬಳಸುವ ಲಿಂಕುಗಳಿಗೆ 24 ಗಂಟೆಗಳ ಗಡುವು ಹಾಕಿದೆ.

ಡ್ರೈವ್ ಇರುವುದು ಫೈಲುಗಳನ್ನು ಕಾಪಾಡಲಿಕ್ಕೆ. ಬರಹದಲ್ಲಿ ಚಿತ್ರ ತೋರಿಸುವುದು ಅದರ ಕೆಲಸವಲ್ಲ. ವೀರಗಲ್ಲುಗಳಂತಹ ವಿಷಯಕ್ಕೆ ನಾನು ಸೂಚಿಸುವುದು ವಿಕಿಮೀಡಿಯ ಕಾಮನ್ಸ್. 2004ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಭಂಡಾರದಲ್ಲಿ ಇಂದು 10 ಕೋಟಿಗೂ ಹೆಚ್ಚು ಫೈಲುಗಳಿವೆ. ಶುಲ್ಕವಿಲ್ಲ, ಜಾಹೀರಾತಿಲ್ಲ, ಕನ್ನಡದಲ್ಲಿಯೇ ವಿವರಣೆ ಬರೆಯಬಹುದು, ಅಲ್ಲಿಗೆ ಏರಿಸಿದ ಚಿತ್ರವನ್ನು ಕನ್ನಡ ವಿಕಿಪೀಡಿಯದ ಲೇಖನದಲ್ಲಿಯೂ ನೇರವಾಗಿ ಬಳಸಬಹುದು. ಆದರೆ ಏರಿಸುವಾಗ ಒಪ್ಪಿಕೊಳ್ಳುವ ಪರವಾನಗಿಯನ್ನು ಓದದೆ ಮುಂದಕ್ಕೆ ಹೋಗಬಾರದು. ತಮ್ಮ ಹೆಸರನ್ನು ಸೂಚಿಸಿ ಯಾರು ಬೇಕಾದರೂ ಆ ಚಿತ್ರವನ್ನು ಬಳಸಬಹುದು, ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಮಾರಲೂಬಹುದು. ಒಮ್ಮೆ ಕೊಟ್ಟ ಈ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲಾಗದು. ಇದು ಮನಸ್ಸಿಗೆ ಒಪ್ಪದಿದ್ದರೆ ಬೇರೆ ತಾಣವನ್ನು ಹುಡುಕುವುದೇ ಮೇಲು. ಒಪ್ಪಿದರೆ ಒಂದು ಬಿನ್ನಹ: ಕ್ಯಾಮೆರಾ ತಾನಾಗಿ ಕೊಟ್ಟ ‘ಐಎಂಜಿ’ ಮತ್ತು ನಾಲ್ಕಂಕಿಯ ಹೆಸರಿನಲ್ಲೇ ಏರಿಸಬೇಡಿ. ಊರು, ತಾಲ್ಲೂಕು, ಕಲ್ಲು ನಿಂತಿರುವ ಜಾಗ, ಚಿತ್ರ ತೆಗೆದ ವರ್ಷ ಇಷ್ಟನ್ನು ಹೆಸರಿನಲ್ಲಿಯೋ ವಿವರಣೆಯಲ್ಲಿಯೋ ಬರೆಯಿರಿ. ಕೆರೆ ಏರಿಯ ಮೇಲಿದ್ದ ಕಲ್ಲು ನಾಳೆ ರಸ್ತೆ ಅಗಲ ಮಾಡುವಾಗ ಬೇರೆಡೆಗೆ ಹೋದರೆ, ಅದು ಮೊದಲು ಎಲ್ಲಿತ್ತೆಂದು ಹೇಳುವ ಸಾಕ್ಷಿ ತಮ್ಮ ಆ ಒಂದು ಸಾಲೇ ಆಗಿರಬಹುದು.

ಪ್ರಶ್ನೆ: ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನು ಬರೆದ ಪ್ರವಾಸ ಲೇಖನಗಳಲ್ಲಿ ಅಕ್ಷರಗಳೆಲ್ಲ ಹಾಗೆಯೇ ಇವೆ, ಚಿತ್ರಗಳಿದ್ದ ಕಡೆ ಖಾಲಿ ಚೌಕಗಳು ಕಾಣುತ್ತಿವೆ. ಚಿತ್ರಗಳನ್ನು ಒಂದು ಉಚಿತ ತಾಣದಲ್ಲಿ ಇರಿಸಿದ್ದೆ. ಮರಳಿ ಪಡೆಯಬಹುದೆ? ಶಾಶ್ವತವಾಗಿ ಉಳಿಯುವ ಉಚಿತ ತಾಣ ಯಾವುದು?
— ಧಾರವಾಡದ ಓದುಗರೊಬ್ಬರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಅಂತಹ ಭರವಸೆ ಕೊಡಬಲ್ಲ ವಾಣಿಜ್ಯ ತಾಣ ಯಾವುದೂ ಇಲ್ಲ. ಕಳೆದ ಹತ್ತು ಹದಿನೈದು ವರ್ಷಗಳ ಚರಿತ್ರೆಯೇ ಹಾಗಿದೆ. 2003ರಲ್ಲಿ ಹುಟ್ಟಿದ ಫೋಟೊಬಕೆಟ್, ತನ್ನಲ್ಲಿರಿಸಿದ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಲು ಬಹುಕಾಲ ಬಿಟ್ಟಿತ್ತು. 2017ರಲ್ಲಿ ನಿಯಮವನ್ನು ಬದಲಿಸಿ, ಹಾಗೆ ತೋರಿಸಬೇಕಾದರೆ ವರ್ಷಕ್ಕೆ 399.99 ಡಾಲರ್ ಕೊಡಬೇಕೆಂದಿತು. ಜಗತ್ತಿನಾದ್ಯಂತ ಅಸಂಖ್ಯಾತ ಪುಟಗಳಲ್ಲಿ ಚಿತ್ರಗಳು ಮಾಯವಾಗಿ, ಖಾತೆಯನ್ನು ನವೀಕರಿಸಿ ಎಂಬ ಫಲಕ ಆ ಜಾಗದಲ್ಲಿ ಬಂದು ಕುಳಿತಿತು. ಮರುವರ್ಷ ದರ ಇಳಿಯಿತಾದರೂ ಹೋದ ವಿಶ್ವಾಸ ಮರಳಲಿಲ್ಲ. ಇಮೇಜ್‌ಶ್ಯಾಕ್ 2014ರಲ್ಲಿ ಚಂದಾ ಪದ್ಧತಿಗೆ ಹೋಯಿತು. ಟೈನಿಪಿಕ್ 2019ರಲ್ಲಿ ಬಾಗಿಲು ಹಾಕಿತು. 2013ರಲ್ಲಿ ಪ್ರತಿಯೊಬ್ಬರಿಗೂ 1 ಟೆರಾಬೈಟ್ ಉಚಿತವೆಂದಿದ್ದ ಫ್ಲಿಕರ್, 2018ರಲ್ಲಿ ಸ್ಮಗ್‌ಮಗ್ ಸಂಸ್ಥೆಯ ಕೈಸೇರಿದ ಮೇಲೆ ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಹಾಕಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ನಿಂತು, ಹೊಸ ಚಿತ್ರಗಳೆಲ್ಲ ಜಿಮೇಲ್, ಡ್ರೈವ್‌ಗಳೊಡನೆ ಹಂಚಿಕೊಳ್ಳುವ 15 ಜಿಬಿಯ ಲೆಕ್ಕಕ್ಕೆ ಬಂದವು. ಖಾತೆಯಿಲ್ಲದೆ ಏರಿಸಿದ, ಯಾರೂ ನೋಡದೆ ಬಿದ್ದಿರುವ ಹಳೆಯ ಚಿತ್ರಗಳನ್ನು ಅಳಿಸುವುದಾಗಿ ಇಮ್ಗರ್ 2023ರಲ್ಲಿ ಪ್ರಕಟಿಸಿತು.

ಇದರಲ್ಲಿ ಮೋಸಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವಿದೆ. ತಮ್ಮ ಲೇಖನವನ್ನು ಒಬ್ಬರು ತೆರೆದಾಗಲೆಲ್ಲ ಚಿತ್ರವು ಆ ತಾಣದ ಸರ್ವರಿನಿಂದ ಹರಿದುಬರಬೇಕು, ಅದರ ಖರ್ಚು ಅವರದು. ನೋಡಿದವರು ಅವರ ಪುಟಕ್ಕೆ ಹೋಗುವುದೇ ಇಲ್ಲವಾದ್ದರಿಂದ ಜಾಹೀರಾತಿನ ಆದಾಯ ಮಾತ್ರ ಸೊನ್ನೆ. ಊಟ ನಮ್ಮ ಮನೆಯಲ್ಲಿ, ಬಿಲ್ಲು ಪಕ್ಕದ ಮನೆಗೆ ಎಂಬಂತಹ ಈ ಏರ್ಪಾಡು ಇಷ್ಟು ದಿನ ನಡೆದದ್ದೇ ಹೆಚ್ಚು.

ಮರಳಿ ಪಡೆಯುವ ದಾರಿಗಳು ಎರಡು. ತಾಣ ಇನ್ನೂ ಬದುಕಿದ್ದರೆ ಹಳೆಯ ಇಮೇಲಿನ ಮೂಲಕ ಗುಪ್ತಪದವನ್ನು ಬದಲಿಸಿಕೊಂಡು ಒಳಗೆ ಹೋಗಿ ನೋಡಿ. ಹೊರಗೆ ಕಾಣದ ಚಿತ್ರಗಳು ಖಾತೆಯ ಒಳಗೆ ಇದ್ದರೂ ಇರಬಹುದು. ತಾಣವೇ ಮುಚ್ಚಿದ್ದರೆ, ಲೇಖನದ ಪುಟದ ವಿಳಾಸವನ್ನು ಅಂತರಜಾಲದ ಹಳೆಯ ಪುಟಗಳ ನಕಲುಗಳನ್ನು ಕಾಪಿಡುವ, ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷಿನ್‌ನಲ್ಲಿ ಹಾಕಿ ಹಳೆಯ ದಿನಾಂಕಗಳನ್ನು ಒಂದೊಂದಾಗಿ ತೆರೆಯಿರಿ. ಪುಟ ಸಿಕ್ಕಿ ಚಿತ್ರ ಸಿಗದಿದ್ದರೆ ಖಾಲಿ ಚೌಕದ ಮೇಲೆ ಬಲಗುಂಡಿ ಒತ್ತಿ ಚಿತ್ರದ ವಿಳಾಸವನ್ನು ತೆಗೆದು ಅದನ್ನೂ ಪ್ರತ್ಯೇಕವಾಗಿ ಹುಡುಕಿ.

ಮುಂದಿನ ಬರಹಗಳ ಮಟ್ಟಿಗೆ, ಬರಹ ಇರುವ ತಾಣವೇ ಚಿತ್ರವನ್ನೂ ಏರಿಸಲು ಬಿಡುವುದಾದರೆ ಮೂರನೆಯವರ ಮನೆಗೆ ಹೋಗಬೇಡಿ, ಮೂಲ ಚಿತ್ರವನ್ನು ಮನೆಯ ಹಾರ್ಡ್ ಡಿಸ್ಕಿನಲ್ಲಿ ತಪ್ಪದೆ ಉಳಿಸಿಕೊಳ್ಳಿ, ಚಿತ್ರದ ಕೆಳಗೆ ಅದರಲ್ಲಿ ಏನಿದೆಯೆಂದು ಎರಡು ಸಾಲು ಬರೆಯಿರಿ. ಲಕ್ಕುಂಡಿಯ ಮುಸುಕಿನ ಬಾವಿಯ ಬಗ್ಗೆ ಹಿಂದೊಮ್ಮೆ ನಾನು ಬರೆದದ್ದರಲ್ಲಿ ಈಗ ಒಂದು ಚಿತ್ರವೂ ಉಳಿದಿಲ್ಲ. ‘ಇಳಿಯುವಾಗ ಎಡಕ್ಕೆ ಸಿಗುವ ಪುಟ್ಟ ಗೂಡು’ ಎಂಬ ಅಡಿಬರಹದಿಂದಲೇ ಅಲ್ಲಿ ಏನಿತ್ತೆಂದು ಓದುವವರು ಊಹಿಸಿಕೊಳ್ಳಬೇಕಾಗಿದೆ.

ಪ್ರಶ್ನೆ: ಅಡಿಕೆ ಎಲೆಯ ಮೇಲಿನ ಚುಕ್ಕೆಗಳ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕೃಷಿ ತಜ್ಞರಿಗೆ ಕಳುಹಿಸಿದೆ. ಮಸುಕಾಗಿದೆ, ಏನೂ ತಿಳಿಯುವುದಿಲ್ಲ ಎಂದರು. ನನ್ನ ಫೋನಿನಲ್ಲಿ ಸ್ಪಷ್ಟವಾಗಿಯೇ ಇದೆಯಲ್ಲ?
— ಕೊಪ್ಪದ ಓದುಗರೊಬ್ಬರು

ಉತ್ತರ: ದಾರಿಯಲ್ಲಿ ಕುಗ್ಗಿದೆ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವೆಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳು. ವಾಟ್ಸ್‌ಆ್ಯಪ್ ಸಾಮಾನ್ಯ ಗುಣಮಟ್ಟದಲ್ಲಿ ಉದ್ದನೆಯ ಬದಿಯನ್ನು ಸುಮಾರು 1600ಕ್ಕೆ ಇಳಿಸುತ್ತದೆ. ಆಗ ಉಳಿಯುವುದು 1600 ಮತ್ತು 1200ರ ಗುಣಲಬ್ಧವಾದ 19 ಲಕ್ಷ 20 ಸಾವಿರ, ಅಂದರೆ ಮೂಲದ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸಾಲದ್ದಕ್ಕೆ ಜೆಪಿಜಿ ಪದ್ಧತಿಯು ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಬೇಡವೆನಿಸಿದ ಸೂಕ್ಷ್ಮ ವಿವರಗಳನ್ನು ಬಿಡುತ್ತದೆ. ಮದುವೆ ಮನೆಯ ಚಿತ್ರಕ್ಕೆ ಇದರಿಂದ ತೊಂದರೆಯಿಲ್ಲ. ಎಲೆಚುಕ್ಕಿಯಲ್ಲಿ ಕಂದು ಮಚ್ಚೆಯ ಸುತ್ತಲಿನ ತೆಳು ಹಳದಿ ಅಂಚೇ ತಜ್ಞರಿಗೆ ಮುಖ್ಯ, ಮೊದಲು ಹಾಳಾಗುವುದೂ ಅಂತಹ ವಿವರವೇ. ಶಾಸನದ ಚಿತ್ರಗಳಿಗೂ ಇದೇ ಗತಿ: ಇಂದಿನ ಅಚ್ಚಿನಲ್ಲೇ ‘ಪ’ಕ್ಕೂ ‘ಷ’ಕ್ಕೂ ಇರುವ ಅಂತರ ಹೊಟ್ಟೆಯೊಳಗಿನ ಒಂದು ಗೀಟಷ್ಟೇ ಆಗಿರುವಾಗ, ಸವೆದ ಕಲ್ಲಿನ ಅಕ್ಷರದ ಪಾಡೇನು?

ಕಳುಹಿಸುವ ಮುನ್ನ ‘ಎಚ್‌ಡಿ’ ಗುರುತನ್ನು ಒತ್ತಿದರೆ ಸ್ವಲ್ಪ ಸುಧಾರಿಸುತ್ತದೆ. ಪೂರ್ತಿ ಚಿತ್ರವೇ ಹೋಗಬೇಕಾದರೆ ಲಗತ್ತಿನ ಗುರುತಿನಲ್ಲಿ ‘ಗ್ಯಾಲರಿ’ ಬಿಟ್ಟು ‘ಡಾಕ್ಯುಮೆಂಟ್’ ಆರಿಸಿ ಚಿತ್ರವನ್ನು ಸೇರಿಸಿ. ಎಲೆಯ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನಿಟ್ಟು ತೆಗೆದರೆ ಚುಕ್ಕೆಯ ಗಾತ್ರವೂ ತಿಳಿಯುತ್ತದೆ.

ಪ್ರಶ್ನೆ: ಮನೆಯಲ್ಲಿಯೇ ಇಳಕಲ್ ಸೀರೆಗಳ ಚಿತ್ರ ತೆಗೆದು ಅಂತರಜಾಲದಲ್ಲಿ ಹಾಕುತ್ತೇನೆ. ಚಿತ್ರದಿಂದ ಮನೆಯ ವಿಳಾಸ ತಿಳಿಯುತ್ತದೆಂದು ತಮ್ಮ ಹೆದರಿಸಿದ್ದಾನೆ. ನಿಜವೇ?
— ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ತಮ್ಮನವರ ಮಾತಿನಲ್ಲಿ ಹುರುಳಿದೆ. ಫೋನಿನ ಕ್ಯಾಮೆರಾಕ್ಕೆ ಸ್ಥಳದ ಅನುಮತಿ ಕೊಟ್ಟಿದ್ದರೆ, ಚಿತ್ರದ ಫೈಲಿನೊಳಗೆ ದಿನಾಂಕ, ಸಮಯ, ಫೋನಿನ ಮಾದರಿಗಳ ಜೊತೆಗೆ ಅಕ್ಷಾಂಶ ರೇಖಾಂಶಗಳೂ ದಾಖಲಾಗುತ್ತವೆ. ಇದಕ್ಕೆ ಎಕ್ಸಿಫ್ ದತ್ತಾಂಶ ಎನ್ನುತ್ತಾರೆ. ಅದು ಅನೇಕ ವೇಳೆ ಮನೆಯ ಬಾಗಿಲವರೆಗೂ ಕರೆದೊಯ್ಯುವಷ್ಟು ನಿಖರವಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದಾಗ ಈ ದತ್ತಾಂಶ ಉದುರಿಹೋಗುತ್ತದೆ. ಆದರೆ ಮೇಲಿನ ಉತ್ತರದಲ್ಲಿ ಹೇಳಿದ ‘ಡಾಕ್ಯುಮೆಂಟ್’ ದಾರಿಯಲ್ಲಿ ಹೋದರೆ ಎಲ್ಲವೂ ಉಳಿದುಕೊಳ್ಳುತ್ತದೆ. ಅಡಿಕೆ ತೋಟ ಎಲ್ಲಿದೆಯೆಂದು ತಜ್ಞರಿಗೆ ತಿಳಿದರೆ ಅನುಕೂಲವೇ, ತಮ್ಮ ವಿಷಯ ಹಾಗಲ್ಲ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್’ ಅನ್ನು ಆಫ್ ಮಾಡಿಬಿಡಿ. ಈಗಾಗಲೇ ತೆಗೆದವುಗಳನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಂಡು, ‘ಪ್ರಾಪರ್ಟೀಸ್’ನ ‘ಡೀಟೇಲ್ಸ್’ ಭಾಗದ ಅಡಿಯಲ್ಲಿರುವ ‘ರಿಮೂವ್ ಪ್ರಾಪರ್ಟೀಸ್’ ಒತ್ತಿ ಅಳಿಸಬಹುದು. ಐಫೋನ್ ಆದರೆ ಹಂಚುವಾಗ ಮೇಲೆ ಕಾಣುವ ‘ಆಪ್ಷನ್ಸ್’ನಲ್ಲಿ ಸ್ಥಳವನ್ನು ತೆಗೆಯಿರಿ. ಇಷ್ಟೆಲ್ಲ ಮಾಡಿಯೂ ಸೀರೆಯ ಹಿಂದೆ ಕಿಟಕಿಯಾಚೆ ಎದುರುಮನೆಯ ಫಲಕ ಕಾಣುತ್ತಿದ್ದರೆ ಫಲವಿಲ್ಲ, ಅದನ್ನೂ ಗಮನಿಸಿ.

ಪ್ರಶ್ನೆ: 1960ರ ದಶಕದಲ್ಲಿ ಸ್ಟುಡಿಯೊದವರು ತೆಗೆದ ನಮ್ಮ ಅಜ್ಜ ಅಜ್ಜಿಯರ ಮದುವೆಯ ಚಿತ್ರವನ್ನು ಅಂತರಜಾಲಕ್ಕೆ ಏರಿಸಲು ಸ್ಟುಡಿಯೊದವರ ಒಪ್ಪಿಗೆ ಬೇಕೆ?
— ಮೈಸೂರಿನ ಓದುಗರೊಬ್ಬರು

ಉತ್ತರ: 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರೇ. ಆದರೆ ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು ಎಂದು ಅದರ 17ನೆಯ ಕಲಮು ಹೇಳುತ್ತದೆ. ಆದ್ದರಿಂದ ತಮ್ಮ ಕುಟುಂಬಕ್ಕೆ ತೊಡಕಿರಲಾರದು. ಚಿತ್ರದ ಮೇಲೆ ಫೋನು ಹಿಡಿದು ತೆಗೆಯುವುದಕ್ಕಿಂತ 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಬಿಂದುಗಳಂತೆ, ಸ್ಕ್ಯಾನ್ ಮಾಡಿಸಿ. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೊದ ಮೊಹರೋ ಯಾರದೋ ಕೈಬರಹವೋ ಇದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿಸಿ ಜೊತೆಗೇ ಏರಿಸಿ.