ಗುಂಡಿ ಮರೆಮಾಡಿದರೆ ಫೈಲ್ ಭದ್ರವಾಗುವುದಿಲ್ಲ

ಪ್ರಶ್ನೆ: ನಮ್ಮದು ಒಂದು ಸಹಕಾರ ಸಂಘ. ಸಭೆಯ ನಡಾವಳಿ, ಲೆಕ್ಕಪರಿಶೋಧನಾ ವರದಿ ಮತ್ತು ಪ್ರತಿ ಸದಸ್ಯರ ಸಾಲದ ವಿವರಗಳನ್ನು ಪಿಡಿಎಫ್ ರೂಪದಲ್ಲಿ ಜಾಲತಾಣದಲ್ಲಿ ಇಟ್ಟಿದ್ದೇವೆ. ಲಾಗಿನ್ ಆದವರಿಗೆ ಮಾತ್ರ ಡೌನ್‌ಲೋಡ್ ಗುಂಡಿ ಕಾಣಿಸುತ್ತದೆ, ಅದನ್ನು ಒತ್ತಿದಾಗ ಎಣಿಕೆ ಒಂದು ಹೆಚ್ಚುತ್ತದೆ. ಆದರೂ ಸದಸ್ಯರಲ್ಲದವರ ಕೈಗೆ ವರದಿ ಸಿಕ್ಕಿದೆ. ನಮ್ಮ ಎಣಿಕೆಗೂ ಸರ್ವರ್ ತಾನಾಗಿ ಬರೆದಿಡುವ ದಾಖಲೆಗೂ (ಲಾಗ್) ತಾಳೆಯಾಗುತ್ತಿಲ್ಲ. ಜಾಲತಾಣದ ಪ್ರೋಗ್ರಾಂಗೆ ಪಿಎಚ್‌ಪಿ, ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ ಮತ್ತು ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್ ಬಳಸುತ್ತಿದ್ದೇವೆ. ತಪ್ಪಿರುವುದು ಎಲ್ಲಿ?

ಉತ್ತರ: ಸುಳಿವು ನಿಮ್ಮ ಪತ್ರದಲ್ಲೇ ಇದೆ. ಲಾಗಿನ್ ಆದವರಿಗೆ ಮಾತ್ರ ‘ಗುಂಡಿ ಕಾಣಿಸುತ್ತದೆ’ ಎಂದು ಬರೆದಿದ್ದೀರಿ, ಫೈಲ್ ಸಿಗುತ್ತದೆ ಎಂದಲ್ಲ. ಪಿಡಿಎಫ್‌ಗಳು ಜಾಲತಾಣದ ಸಾರ್ವಜನಿಕ ಫೋಲ್ಡರ್‌ನಲ್ಲಿ ಇದ್ದರೆ, ವಿಳಾಸ ತಿಳಿದ ಯಾರು ಕೇಳಿದರೂ ಎಂಜಿನ್‌ಎಕ್ಸ್ ಅವನ್ನು ನೇರವಾಗಿ ಕೊಟ್ಟುಬಿಡುತ್ತದೆ. ನಿಮ್ಮ ಪಿಎಚ್‌ಪಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯ ಸ್ಥಿತಿ ಇದು. ಒಬ್ಬ ಸದಸ್ಯರು ಲಿಂಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಸಾಕು, ಅಲ್ಲಿಂದ ಮುಂದೆ ಅನುಮತಿಯ ಪರಿಶೀಲನೆಯೂ ಇಲ್ಲ, ಎಣಿಕೆಯೂ ಇಲ್ಲ. ಆದ್ದರಿಂದ ಈ ಎರಡು ತೊಂದರೆಗಳಿಗೆ ಎರಡು ಪರಿಹಾರಗಳನ್ನು ಹುಡುಕಬೇಡಿ.

ಮೊದಲು ಪಿಡಿಎಫ್‌ಗಳನ್ನು ಆ ಫೋಲ್ಡರ್‌ನಿಂದ ತೆಗೆದು, ಜಾಲದ ವಿಳಾಸವೇ ಇಲ್ಲದ ಜಾಗಕ್ಕೆ ಸರಿಸಿ. ಇನ್ನು ಲಿಂಕ್ ಒಯ್ಯಬೇಕಾದದ್ದು ಒಂದು ಪಿಎಚ್‌ಪಿ ಪುಟಕ್ಕೆ. ಕೇಳುತ್ತಿರುವವರು ಯಾರು, ಈ ಫೈಲನ್ನು ಪಡೆಯುವ ಅಧಿಕಾರ ಅವರಿಗೆ ಇದೆಯೇ ಎಂದು ಆ ಪುಟವು ನೋಡಿ, ದಾಖಲೆ ಬರೆದು, ಆಮೇಲೆ ಫೈಲ್ ಕೊಡಿಸಬೇಕು. ಇಡೀ ಫೈಲನ್ನು ಪಿಎಚ್‌ಪಿಯೇ ಓದಿ ಕಳುಹಿಸುವ ಅಗತ್ಯವಿಲ್ಲ: ‘ಎಕ್ಸ್-ಆಕ್ಸೆಲ್-ರೀಡೈರೆಕ್ಟ್’ ಎಂಬ ಹೆಡರ್‌ನಲ್ಲಿ (ಉತ್ತರದ ತಲೆಯಲ್ಲಿ ಹೋಗುವ ಸೂಚನೆಯ ಸಾಲಿನಲ್ಲಿ) ಅದು ಇರುವ ಜಾಗವನ್ನು ಸೂಚಿಸಿದರೆ ಉಳಿದ ಹೊರೆಯನ್ನು ಎಂಜಿನ್‌ಎಕ್ಸ್ ಹೊರುತ್ತದೆ, ಮತ್ತು ಆ ಜಾಗಕ್ಕೆ ‘ಇಂಟರ್ನಲ್’ ಎಂಬ ನಿರ್ದೇಶನ ಕೊಟ್ಟಿದ್ದರೆ ಹೊರಗಿನಿಂದ ನೇರವಾಗಿ ಕೇಳಿದವರಿಗೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರವಷ್ಟೇ ಸಿಗುತ್ತದೆ. ಮುಂದೆ ಫೈಲ್‌ಗಳನ್ನು ಅಮೆಜಾನ್‌ನ ಆನ್‌ಲೈನ್ ಸಂಗ್ರಹ ಸೇವೆಯಾದ ಎಸ್3ಗೆ ಸಾಗಿಸುವುದಾದರೆ, ಅಲ್ಲಿ ಸಹಿ ಮಾಡಿದ ತಾತ್ಕಾಲಿಕ ಲಿಂಕ್‌ಗಳ ಅವಧಿ ಗರಿಷ್ಠ 7 ದಿನ. ನನ್ನ ಮಟ್ಟಿಗೆ ಐದು ನಿಮಿಷವೇ ಸಾಕು, ಏಕೆಂದರೆ ಅವಧಿ ಮುಗಿಯುವವರೆಗೆ ಆ ಲಿಂಕ್ ಯಾರ ಕೈಯಲ್ಲಿದ್ದರೂ ಕೆಲಸ ಮಾಡುತ್ತದೆ.

ಸಾಲದ ವಿವರಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಲಾಗಿನ್ ಆಗಿದ್ದಾರೆ ಎಂದ ಮಾತ್ರಕ್ಕೆ ಪಕ್ಕದ ಮನೆಯವರ ಸಾಲದ ಪಟ್ಟಿಯನ್ನು ನೋಡುವ ಹಕ್ಕು ಯಾರಿಗೂ ಬರುವುದಿಲ್ಲ. ಲಿಂಕ್‌ನಲ್ಲಿ 1041 ಎಂಬ ಸಂಖ್ಯೆ ಇದ್ದರೆ, ಕುತೂಹಲವಿರುವವರು 1042 ಎಂದು ತಿದ್ದಿ ನೋಡಿಯೇ ನೋಡುತ್ತಾರೆ. ಅಮೆರಿಕದಲ್ಲಿ ಆಸ್ತಿ ಹಕ್ಕಿಗೆ ವಿಮೆ ನೀಡುವ ಫಸ್ಟ್ ಅಮೆರಿಕನ್ ಕಂಪನಿಯ ಜಾಲತಾಣದಲ್ಲಿ ಹೀಗೆ ಒಂದು ಅಂಕಿ ಬದಲಿಸಿದರೆ ಬೇರೆಯವರ ದಾಖಲೆ ತೆರೆದುಕೊಳ್ಳುತ್ತಿತ್ತು. 2003ರಿಂದ ಸಂಗ್ರಹವಾಗಿದ್ದ ಸುಮಾರು 88.5 ಕೋಟಿ ದಾಖಲೆಗಳು ಹೀಗೆ ಬಯಲಲ್ಲಿದ್ದವು ಎಂಬುದು 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ಜಾಲ ಭದ್ರತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆಯ ದೋಷಗಳ ಪಟ್ಟಿಯಲ್ಲಿ 2017ರಲ್ಲಿ ಐದನೆಯದಾಗಿದ್ದ ಪ್ರವೇಶ ನಿಯಂತ್ರಣದ ವೈಫಲ್ಯವು 2021ರಲ್ಲಿ ಮೊದಲ ಸ್ಥಾನಕ್ಕೆ ಏರಿತು. ಫೈಲನ್ನು ಡೇಟಾಬೇಸ್‌ನಲ್ಲಿ ಹುಡುಕುವಾಗಲೇ ‘ಫೈಲ್ ಸಂಖ್ಯೆ ಇದು, ಒಡೆಯರು ಈ ಸದಸ್ಯರು’ ಎಂಬ ಎರಡೂ ಷರತ್ತುಗಳನ್ನು ಒಟ್ಟಿಗೆ ಹಾಕಿ. ಸದಸ್ಯರ ಸಂಖ್ಯೆಯನ್ನು ಲಾಗಿನ್ ಸೆಷನ್‌ನಿಂದ ಪಡೆಯಬೇಕು, ಲಿಂಕ್‌ನಿಂದ ಎಂದೂ ಪಡೆಯಕೂಡದು. ಊಹಿಸಲಾಗದ ಉದ್ದನೆಯ ಸಂಖ್ಯೆಗಳನ್ನು ಬಳಸುವುದು ಒಳ್ಳೆಯದೇ, ಆದರೆ ಅದು ಈ ಪರಿಶೀಲನೆಗೆ ಬದಲಿಯಲ್ಲ.

ಇನ್ನು ತಾಳೆಯಾಗದ ಲೆಕ್ಕ. ಗುಂಡಿ ಒತ್ತಿದ್ದನ್ನು ನೀವು ಎಣಿಸುತ್ತಿದ್ದೀರಿ, ಸರ್ವರ್ ತನಗೆ ಬಂದ ಕೋರಿಕೆಗಳನ್ನು ಬರೆದಿಡುತ್ತಿದೆ. ಬ್ರೌಸರ್‌ನ ಪಿಡಿಎಫ್ ವೀಕ್ಷಕವಾಗಲಿ ಡೌನ್‌ಲೋಡ್ ಮ್ಯಾನೇಜರ್ ಆಗಲಿ ಒಂದೇ ಫೈಲನ್ನು ತುಂಡು ತುಂಡಾಗಿ ಕೇಳಬಹುದು. ಆಗ ಲಾಗ್‌ನಲ್ಲಿ 206 ಎಂಬ ಸಂಕೇತದ (ಫೈಲ್‌ನ ಒಂದು ಭಾಗವನ್ನಷ್ಟೇ ಕೊಟ್ಟದ್ದರ ಗುರುತು) ಹಲವು ಸಾಲುಗಳು ಮೂಡುತ್ತವೆ. ಒಂದು ಅಂಕಣದಲ್ಲಿ ಮೊತ್ತವನ್ನು ಹೆಚ್ಚಿಸುತ್ತಾ ಹೋಗುವುದನ್ನು ಬಿಟ್ಟು, ಪ್ರತಿ ಕೋರಿಕೆಗೂ ಒಂದು ಸಾಲು ಬರೆಯಿರಿ: ಸದಸ್ಯರು, ಫೈಲ್ ಮತ್ತು ಅದರ ಆವೃತ್ತಿ, ಸಮಯ, ಐಪಿ ವಿಳಾಸ, ಕೊಟ್ಟೆವೋ ನಿರಾಕರಿಸಿದೆವೋ ಎಂಬುದು. ನಿರಾಕರಿಸಿದ ಸಾಲುಗಳನ್ನು ಬಹಳ ಮಂದಿ ಬರೆದಿಡುವುದೇ ಇಲ್ಲ, ಸಂಖ್ಯೆ ತಿದ್ದಿ ನೋಡಿದವರು ಸಿಕ್ಕಿಬೀಳುವುದು ಅಲ್ಲಿಯೇ. ಅದೇ ಸದಸ್ಯರು ಅದೇ ಫೈಲನ್ನು ಹತ್ತು ನಿಮಿಷದೊಳಗೆ ಎಷ್ಟು ಸಲ ಕೇಳಿದರೂ ವರದಿಯಲ್ಲಿ ಒಂದೇ ಎಂದು ಲೆಕ್ಕ ಹಿಡಿಯಿರಿ.

ಪಿಎಚ್‌ಪಿ ಬರೆಯುವ ಈ ಸಾಲು ಅನುಮತಿ ಕೊಟ್ಟದ್ದಕ್ಕೆ ಸಾಕ್ಷಿಯೇ ಹೊರತು ಫೈಲ್ ಪೂರ್ತಿ ಹೋಯಿತು ಎನ್ನುವುದಕ್ಕಲ್ಲ. ಅದೂ ಬೇಕಿದ್ದರೆ, ಎಂಜಿನ್‌ಎಕ್ಸ್ ಪ್ರತಿ ಕೋರಿಕೆಗೆ ಕೊಡುವ ಗುರುತಿನ ಸಂಖ್ಯೆಯನ್ನು ಎರಡೂ ಕಡೆ ದಾಖಲಿಸಿ, ಅದರ ಲಾಗ್‌ನಲ್ಲಿರುವ ಬೈಟ್‌ಗಳ ಲೆಕ್ಕದೊಡನೆ ಹೋಲಿಸಬಹುದು. ಸರ್ವಸದಸ್ಯರ ಸಭೆಯ ತಿಳಿವಳಿಕೆ ಪತ್ರವನ್ನು ಸದಸ್ಯರು ಓದಿದ್ದಾರೆ ಎಂದು ಇದರ ಆಧಾರದ ಮೇಲೆ ವಾದಿಸಲು ಮಾತ್ರ ಹೊರಡಬೇಡಿ.

ಪ್ರಶ್ನೆ: ಇಂತಹ ಡೌನ್‌ಲೋಡ್ ದಾಖಲೆಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಉತ್ತರ: ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ ವ್ಯವಸ್ಥೆಯ ಲಾಗ್‌ಗಳನ್ನು 180 ದಿನಗಳ ಕಾಲ ಕಾಪಾಡಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ 2023ರಲ್ಲಿ ಬಂದ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವ ಅವು ಅನಧಿಕೃತ ಪ್ರವೇಶವನ್ನು ಪತ್ತೆಹಚ್ಚುವ ಲಾಗ್‌ಗಳಿಗೆ ಒಂದು ವರ್ಷದ ಅವಧಿಯನ್ನು ಹೇಳುತ್ತವೆ. ಒಂದು ವರ್ಷ ಎಂದು ಇಟ್ಟುಕೊಂಡರೆ ಎರಡಕ್ಕೂ ಸಲ್ಲುತ್ತದೆ. ಯಾರು ಯಾವ ಫೈಲನ್ನು ಯಾವಾಗ ತೆರೆದರು ಎಂಬ ಪಟ್ಟಿಯೂ ವೈಯಕ್ತಿಕ ಮಾಹಿತಿಯೇ ಆದ್ದರಿಂದ, ಅದನ್ನು ನೋಡುವ ಅಧಿಕಾರವನ್ನು ಒಬ್ಬಿಬ್ಬರಿಗೆ ಸೀಮಿತಗೊಳಿಸಿ, ಅವಧಿ ಮೀರಿದ ಸಾಲುಗಳು ತಾವಾಗಿ ಅಳಿಸಿಹೋಗುವಂತೆ ಏರ್ಪಾಡು ಮಾಡಿ.